ಎಣ್ಣೆ ಟೈಲರೂ ಟ್ಯಾಂಕಿನ ಮುಚ್ಚಳವೂ

ಆ ಮನುಷ್ಯನ ಅಂಗಡಿಯಲ್ಲಿ ಸುಮ್ಮನೆ ಕೂತವರ ಮೊಣಕಾಲಿಗೂ ಎರಡು ತೊಟ್ಟು ಎಣ್ಣೆ ಬೀಳುತ್ತದೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಮಾಡದೆ ಇನ್ನೇನು? ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿ, ತಳ ಒತ್ತಿದರೆ ಟಕ್ ಟಕ್ ಎನ್ನುವ ಉದ್ದ ಮೂತಿಯ ಪುಟ್ಟ ತಗಡಿನ ಡಬ್ಬಿ, ಸದಾ ಅವನ ಷರ್ಟಿನ ಜೇಬಿನಲ್ಲಿ. ಜೇಬಿನ ಕೆಳಗೆ ಯಾವಾಗಲೂ ಒಂದು ಜಿಡ್ಡಿನ ಕಲೆ. ಊರಿಗೆಲ್ಲ ಬಟ್ಟೆ ಹೊಲಿಯುವವನಿಗೆ ತನ್ನದೆನ್ನುವ ಒಂದು ಶುಭ್ರವಾದ ಷರ್ಟಿಲ್ಲ. ಕಿಟಕಿ ಕಿರುಗುಟ್ಟಿದರೆ ಎಣ್ಣೆ, ಫ್ಯಾನು ಗೊರಗೊರ ಎಂದರೆ ಎಣ್ಣೆ, ಗಿರಾಕಿಯ ಕೊಡೆ ಬಿಚ್ಚಿಕೊಳ್ಳದಿದ್ದರೆ ಅದಕ್ಕೂ ಎಣ್ಣೆ. ಹೆಸರು ಹಿಡಿದು ಕರೆಯುವವರೇ ಇರಲಿಲ್ಲ; ಎಲ್ಲರಿಗೂ ಅವನು ಎಣ್ಣೆ ಟೈಲರ್.

ಹೆಂಡತಿ ಪಕ್ಕದ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಊರಿಗೆ ಸಿಸ್ಟರಮ್ಮ. ಆಸ್ಪತ್ರೆಯವರು ಕೊಟ್ಟ ಕ್ವಾರ್ಟರ್ಸಿನ ಮುಂದಿನ ಕೋಣೆಯೇ ಅವನ ಅಂಗಡಿ. ಕಿಟಕಿಯ ಪಕ್ಕ ಮೆಷಿನ್ನು, ಕಿಟಕಿಯಾಚೆ ಅಂಗಳದಲ್ಲಿ ಮೋಟಾರ್‌ಬೈಕು. ಬೈಕು ಅವಳದು, ಓಡಿಸುವವಳೂ ಅವಳೇ. ಕಾಲುವೆಯಾಚೆಗೆ, ಗುಡ್ಡದ ಮೇಲಕ್ಕೆ, ಕಾರು ಹೋಗದ ಮನೆಗಳಿಗೆ ಹೆರಿಗೆ ಮಾಡಿಸಲು ಅವಳು ಅದರ ಮೇಲೆಯೇ ಹೋಗುತ್ತಿದ್ದಳು. ನಮ್ಮ ಟೈಲರಿಗೆ ಸೈಕಲ್ಲೂ ಬಾರದು. ಮದುವೆಯಾದ ಹೊಸದರಲ್ಲಿ ಒಮ್ಮೆ ಹಿಂದೆ ಕೂತು, ಮೊದಲನೆಯ ತಿರುವಿನಲ್ಲೇ ಕಣ್ಣು ಮುಚ್ಚಿ, ಇಳಿದ ಮೇಲೆ ಈ ಜನ್ಮದಲ್ಲಿ ಇನ್ನು ಹತ್ತುವುದಿಲ್ಲ ಎಂದುಬಿಟ್ಟಿದ್ದ.

ಅವಳು ಹೊರಟಾಗಲೆಲ್ಲ ಅವನಿಗೆ ಭಯ. ಹೋಗಬೇಡ ಎನ್ನುವಂತಿಲ್ಲ, ಅಲ್ಲಿ ಯಾರೋ ಹೆಣ್ಣುಮಗಳು ಒದ್ದಾಡುತ್ತಿರುತ್ತಾಳೆ. ಹುಷಾರು ಎಂದರೆ, "ನಿಮ್ಮ ಹಾಗೆ ಕಣ್ಣು ಮುಚ್ಕೊಂಡು ಓಡಿಸ್ತೀನಾ ನಾನು?" ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ಹಾಗಾಗಿ ಅವನು ಎಣ್ಣೆ ಬಿಡುತ್ತಿದ್ದ. ಅವಳು ಸ್ನಾನಕ್ಕೆ ಹೋದಾಗ ಅಂಗಳಕ್ಕಿಳಿದು ಸ್ಟ್ಯಾಂಡಿಗೆ ಎರಡು ತೊಟ್ಟು, ಬ್ರೇಕಿನ ಹಿಡಿಕೆಗೆ ಎರಡು ತೊಟ್ಟು, ಕೊನೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿದ್ದ ಬೀಗದ ಕಣ್ಣಿಗೂ ಎರಡು ತೊಟ್ಟು. ಬೈಕಿನ ತಂಟೆಗೆ ಬರಬೇಡಿ ಎಂದು ಅವಳ ಅಪ್ಪಣೆಯಾಗಿದ್ದರಿಂದ ಇದೆಲ್ಲ ಕದ್ದುಮುಚ್ಚಿ ನಡೆಯುವ ಸೇವೆ. ಈಚೆಗೆ ಪೆಟ್ರೋಲ್ ಬಂಕಿನವನು, "ಸಿಸ್ಟರ್, ಈ ಮುಚ್ಚಳ ದಿನೇದಿನೇ ಬಿಗಿ ಆಗ್ತಿದೆ, ಯಾರಿಗಾದ್ರೂ ತೋರ್ಸಿ" ಎಂದನಂತೆ. ಅವಳು ಮನೆಗೆ ಬಂದು ಅದನ್ನು ಹೇಳಿದಳು. ಟೈಲರ್ ಮರುದಿನ ಎರಡು ತೊಟ್ಟಿನ ಜಾಗದಲ್ಲಿ ನಾಲ್ಕು ತೊಟ್ಟು ಬಿಟ್ಟ.

ಅವರಿಗೆ ಒಬ್ಬಳೇ ಮಗಳು. ಅಳಿಯನಿಗೆ ಮೇಲಿನ ಅಣೆಕಟ್ಟಿನಲ್ಲಿ ಗೇಟು ನೋಡಿಕೊಳ್ಳುವ ಕೆಲಸ, ಮನೆಯೂ ಅಲ್ಲೇ ಕಟ್ಟೆಯ ಪಕ್ಕ. ಬಸುರಿ ಮಗಳಿಗೆ ಎಂಟು ತಿಂಗಳು ತುಂಬುತ್ತಿತ್ತು. ಬರುವ ವಾರ ಕೆಳಗೆ ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಟೈಲರ್ ಆಗಲೇ ಹಳೆಯ ಮೆತ್ತನೆಯ ಬಟ್ಟೆಗಳನ್ನೆಲ್ಲ ಕತ್ತರಿಸಿ, ಮಗುವಿಗೆ ಒತ್ತದಂತೆ ಹೊಲಿಗೆಯನ್ನು ಹೊರಮಗ್ಗುಲಿಗೆ ಮಾಡಿ ಪುಟ್ಟ ಪುಟ್ಟ ಅಂಗಿ ಹೊಲಿದು ಇಸ್ತ್ರಿ ಹಾಕಿ ಇಟ್ಟಿದ್ದ.

ಒಂದು ಸಂಜೆ ಸಿಸ್ಟರಮ್ಮ ದೂರದ ಮನೆಗಳ ಸುತ್ತು ಮುಗಿಸಿ ಬಂದಾಗ ಬೈಕು ಗೇಟಿನ ಹತ್ತಿರ ಕೆಮ್ಮಿ ಕೆಮ್ಮಿ ನಿಂತುಹೋಯಿತು. ರಿಸರ್ವೂ ಖಾಲಿ. ಅಂಗಳದವರೆಗೆ ತಳ್ಳಿಕೊಂಡು ಬಂದು ಅವಳು, "ರೀ, ಆ ಕ್ಯಾನಲ್ಲಿರೋ ಪೆಟ್ರೋಲ್ ಹಾಕ್ಬಿಡಿ, ನನ್ನ ಸೊಂಟ ಬಿದ್ದುಹೋಗಿದೆ" ಎಂದು ಒಳಗೆ ಹೋದಳು. ಬೈಕಿನ ತಂಟೆಗೆ ಅಧಿಕೃತವಾಗಿ ಕರೆ ಬಂದದ್ದು ಅದೇ ಮೊದಲು! ಟೈಲರ್ ಉತ್ಸಾಹದಿಂದ ಹೋದ. ಬೀಗದ ಕೈ ಒಳಗೆ ಹೋಯಿತು, ತಿರುಗಲಿಲ್ಲ. ಅವನು ಎಂದಿನ ಔಷಧಿ ಬಿಟ್ಟ. ಎಣ್ಣೆ ಇಳಿಯಲಿ, ಬೆಳಿಗ್ಗೆ ತಾನೇ ಸಡಿಲವಾಗುತ್ತದೆ ಎಂದುಕೊಂಡ. ಊಟಕ್ಕೆ ಕೂತಾಗ ಅವಳು, "ಪೆಟ್ರೋಲ್ ಹಾಕಿದ್ರಾ?" ಎಂದಳು. ಅವನು "ಹೂಂ" ಎಂದ.

ಅಷ್ಟೇ. ಒಂದು ಹೂಂ. ಬೆಳಿಗ್ಗೆ ಎದ್ದ ಕೂಡಲೇ ತುಂಬಿಸಿದರಾಯಿತಲ್ಲ ಎಂದು ಅವನ ಲೆಕ್ಕ.

ಬೆಳಿಗ್ಗೆ ಅವನು ಏಳುವ ಮೊದಲೇ ಫೋನು ಬಂತು. ಸಿಸ್ಟರಮ್ಮ ಎತ್ತಿದಳು. ಅಳಿಯನ ದನಿ ಕೋಣೆಯ ಈ ತುದಿಗೂ ಕೇಳುತ್ತಿತ್ತು. ನೀರು ಒಡೆದಿದೆ, ನೋವು ಒಂದರ ಹಿಂದೆ ಒಂದು ಬರುತ್ತಿದೆ, ಆಂಬುಲೆನ್ಸಿಗೆ ಹೇಳಿದ್ದೇನೆ, ಅವರು ಆಚೆ ದಡದಿಂದ ಸುತ್ತಿ ಬರಬೇಕಂತೆ, ಬಂದರೂ ಕಟ್ಟೆಯ ಕೆಳಗಿನ ಸೇತುವೆಯವರೆಗೆ ಮಾತ್ರವಂತೆ, ಇಲ್ಲಿಯ ಜೀಪು ರಿಪೇರಿಗೆ ಹೋಗಿದೆ, ಅತ್ತೆ, ನನಗೆ ಏನೂ ತೋಚ್ತಿಲ್ಲ.

"ನೀರು ಕಾಯಿಸಿ ಇಡಿ. ಅವಳನ್ನ ಎಡಮಗ್ಗುಲಿಗೆ ಮಲಗಿಸಿ. ಬಾಗಿಲು ತೆಗೆದಿರಲಿ. ನಾನು ಬಂದೆ" ಎಂದಳು ಸಿಸ್ಟರಮ್ಮ. ಫೋನು ಇಟ್ಟವಳ ಮುಖ ನೋಡಿ ಟೈಲರ್ ಹಾಸಿಗೆಯಿಂದ ಎದ್ದುಬಿಟ್ಟ. ಊರವರ ಹೆರಿಗೆಗೆ ಹೊರಡುವಾಗ ಆ ಮುಖ ಹಾಗಿರುತ್ತಿರಲಿಲ್ಲ. "ಇನ್ನೂ ತಿಂಗಳು ತುಂಬಿಲ್ಲ ರೀ" ಎಂದಳು, ಅಷ್ಟೇ. ಬ್ಯಾಗು ತುಂಬಲು ಓಡಿದಳು.

ಅವನು ಅಂಗಳಕ್ಕೆ ಓಡಿದ. ಮುಚ್ಚಳದ ಬೀಗದ ಕೈ, ಬೈಕು ಶುರು ಮಾಡುವ ಕೈಗಿಂತ ಬೇರೆಯದು, ತೆಳ್ಳಗಿನದು. ಹಾಕಿದ. ತಿರುಗಿಸಿದ. ಕೂದಲಿನಷ್ಟೂ ಅಲ್ಲಾಡಲಿಲ್ಲ. ಮುಚ್ಚಳವನ್ನು ಅಂಗೈಯಲ್ಲಿ ಅದುಮಿ ತಿರುಗಿಸಿದ. ಇನ್ನಷ್ಟು ಎಣ್ಣೆ ಬಿಟ್ಟು ತಿರುಗಿಸಿದ. ಬಾರೇ ತಾಯಿ, ಬಾರೇ ನನ್ನವ್ವ ಎಂದು ಬೇಡಿಕೊಂಡ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿಸ್ಟರಮ್ಮ ಹೊರಗೆ ಬಂದದ್ದೂ, ಅವನು ಜೀವ ಒಟ್ಟುಮಾಡಿ ಒಮ್ಮೆ ತಿರುಚಿದ್ದೂ ಒಟ್ಟಿಗೇ ಆಯಿತು. ಟಿಕ್ ಎಂದಿತು. ಬೀಗದ ಕೈ ಅರ್ಧ ಅವನ ಬೆರಳಲ್ಲಿ, ಅರ್ಧ ಬೀಗದೊಳಗೆ.

ಅವಳು ಕ್ಯಾನು ನೋಡಿದಳು. ಕ್ಯಾನು ತುಂಬಿತ್ತು. ಅವನ ಮುಖ ನೋಡಿದಳು.

"ಹಾಕಿದೀನಿ ಅಂದ್ರಲ್ಲ ರೀ?"

ಅವನು ಮುರಿದ ತುಂಡನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ. ಆಗ ಬಯ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಬಯ್ಯಲಿಲ್ಲ, ಮೂಲೆಯಲ್ಲಿದ್ದ ಸುತ್ತಿಗೆ ಎತ್ತಿಕೊಂಡಳು.

"ಬೇಡ! ಬೇಡ ಕಣೇ!" ಅವನು ಟ್ಯಾಂಕಿನ ಮೇಲೆ ಬೋರಲು ಬಿದ್ದ. "ಖಾಲಿ ಟ್ಯಾಂಕೇ ಹೆಚ್ಚು ಅಪಾಯ ಅಂತಾರೆ. ಒಳಗೆಲ್ಲ ಆವಿ. ಒಂದು ಕಿಡಿ ಹಾರಿದ್ರೆ ನೀನೂ ಇರಲ್ಲ, ನಾನೂ ಇರಲ್ಲ, ಅಲ್ಲಿ ಅವಳಿಗೆ ಯಾರು?"

ಅವಳು ಸುತ್ತಿಗೆ ಇಳಿಸಿದಳು. ಊರಲ್ಲಿದ್ದ ಇನ್ನೊಂದು ಬೈಕು ಮೇಷ್ಟರದು. ಅವರು ಅದರ ಮೇಲೆಯೇ ನೆಂಟರ ಮನೆಗೆ ಹೋಗಿದ್ದರು. ಹಾಲಿನ ವ್ಯಾನು ಹೋಗಿಯಾಗಿತ್ತು. ನಡೆದರೆ ಮಧ್ಯಾಹ್ನವಾಗುತ್ತದೆ. ಅಂಗಳದಲ್ಲಿ ಕ್ಯಾನಿನ ತುಂಬ ಪೆಟ್ರೋಲ್, ಎದುರಿಗೆ ಬೈಕು, ನಡುವೆ ಅಂಗೈಯಗಲದ ಒಂದು ಮುಚ್ಚಳ. ತಲೆ ಚಚ್ಚಿಕೊಳ್ಳಬೇಕು ಅಥವಾ ಅಳಬೇಕು. ಟೈಲರ್ ಎರಡನ್ನೂ ಮಾಡುವ ಸ್ಥಿತಿಯಲ್ಲಿದ್ದ.

ಸಿಸ್ಟರಮ್ಮ ಇಂಜಿನ್ನಿನ ಕಡೆಗೇ ನೋಡುತ್ತಾ ನಿಂತಿದ್ದವಳು ಇದ್ದಕ್ಕಿದ್ದಂತೆ ಆಸ್ಪತ್ರೆಯೊಳಗೆ ಓಡಿ, ಖಾಲಿಯಾದ ಸಲೈನ್ ಬಾಟಲಿಯೊಂದನ್ನೂ ಹೊಸ ಸಲೈನ್ ಪೈಪನ್ನೂ ತಂದಳು. ಹಿಂದೊಮ್ಮೆ ಟ್ಯಾಂಕು ಬಿಚ್ಚಿಟ್ಟಾಗ ಮೆಕ್ಯಾನಿಕ್ಕು ಬಾಟಲಿ ನೇತುಹಾಕಿ ಇಂಜಿನ್ ಓಡಿಸಿ ನೋಡಿದ್ದು ಅವಳಿಗೆ ನೆನಪಾಗಿತ್ತು. ಟ್ಯಾಂಕಿನ ಕೆಳಗಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಕಿತ್ತು, ಅದರ ಬಾಯಿಗೆ ಸಲೈನ್ ಪೈಪಿನ ತುದಿ ತುರುಕಿದಳು. ಬಾಟಲಿಗೆ ಪೆಟ್ರೋಲ್ ತುಂಬಿಸಿ ತಲೆಕೆಳಗು ಮಾಡಿ ಹಿಡಿದಳು. ಪೈಪಿನ ನಡುವಿನ ಪುಟ್ಟ ಬುರುಡೆಯಲ್ಲಿ ಪೆಟ್ರೋಲ್ ತೊಟ್ಟಿಕ್ಕತೊಡಗಿತು.

"ಇದನ್ನ ಯಾರಾದ್ರೂ ಮೇಲೆ ಹಿಡ್ಕೋಬೇಕು" ಎಂದಳು. "ಹತ್ತಿ."

ಯಾರಾದರೂ ಎಂದರೆ ಅಲ್ಲಿ ಇನ್ಯಾರಿದ್ದಾರೆ? ಅವನು ಹತ್ತಿದ.

ಕಾಲುವೆಯ ಏರಿಯ ಮೇಲಿನ ದಾರಿ ಒಂದು ಬೈಕು ಹೋಗುವಷ್ಟೇ ಅಗಲ. ಎಡಕ್ಕೆ ನೀರು, ಬಲಕ್ಕೆ ಇಳಿಜಾರು. ಟೈಲರ್ ಬಲಗೈಯಲ್ಲಿ ಬಾಟಲಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು, ಎಡಗೈಯಲ್ಲಿ ಸೀಟಿನ ಹಿಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ. ಕಣ್ಣು ಮುಚ್ಚುವಂತಿರಲಿಲ್ಲ, ಬಾಟಲಿಯ ಮೇಲೆ ಕಣ್ಣಿಡಬೇಕಿತ್ತು. ಬೈಕು ಕುಲುಕಿದಾಗಲೆಲ್ಲ ಪೈಪಿನ ಗಂಟಿನಿಂದ ಒಂದೊಂದು ಹನಿ ಅವನ ತೊಡೆಯ ಮೇಲೆ ಬೀಳುತ್ತಿತ್ತು. ಇನ್ನೊಂದು ಗೇಣು ಕೆಳಗೆ ಬಿದ್ದರೆ ಕೆಂಡದಂತೆ ಕಾದ ಇಂಜಿನ್. ಅವನು ತೊಡೆಯನ್ನು ಇನ್ನಷ್ಟು ಮುಂದಕ್ಕೆ ಒತ್ತಿ, ಬೀಳುವುದೆಲ್ಲ ತನ್ನ ಮೇಲೆಯೇ ಬೀಳಲಿ ಎಂದು ಕೂತ. ಗದ್ದೆಯಲ್ಲಿದ್ದವನೊಬ್ಬ, "ಏನ್ ಟೈಲರಣ್ಣ, ಬೈಕಿಗೂ ಜ್ವರಾನಾ?" ಎಂದು ಕೂಗಿದ. ಗಂಡಹೆಂಡಿರಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಏರು ಶುರುವಾದಾಗ ಇಂಜಿನ್ ಗಕ್ ಗಕ್ ಎಂದಿತು. ಒಮ್ಮೆ ಜೀವ ಬಂತು, ಮತ್ತೆ ಹೋಯಿತು. ಬೈಕು ನಿಂತಿತು.

"ಏನಾಯ್ತು? ಕೆಳಗೆ ಇಳಿಸಿದ್ರಾ ಬಾಟ್ಲಿ?"

"ಇಲ್ಲ ಮಾರಾಯ್ತಿ, ಕೈ ಬಿದ್ದುಹೋಗೋ ಹಾಗೆ ಎತ್ತಿದೀನಿ!"

ಬಾಟಲಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಆದರೆ ಅದರ ಪಕ್ಕೆಗಳು ಒಳಕ್ಕೆ ಎಳೆದುಕೊಂಡಿದ್ದವು. ಗಟ್ಟಿ ಪ್ಲಾಸ್ಟಿಕ್ಕು, ಇನ್ನು ಕುಗ್ಗಲಾರದೆ ಪೆಟ್ರೋಲನ್ನು ಹಿಡಿದು ನಿಲ್ಲಿಸಿತ್ತು. ಬುರುಡೆಯಲ್ಲಿ ಒಂದು ತೊಟ್ಟೂ ಬೀಳುತ್ತಿರಲಿಲ್ಲ. "ಗಾಳಿ ಹೋಗ್ತಿಲ್ಲ" ಎಂದು ಸಿಸ್ಟರಮ್ಮ ಬ್ಯಾಗಿನ ಜಿಪ್ಪು ಎಳೆಯತೊಡಗಿದಳು. ಅಷ್ಟರಲ್ಲಿ ಟೈಲರ್ ಕಾಲರಿಗೆ ಕೈ ಹಾಕಿದ್ದ. ಅವನ ಕಾಲರಿನ ಹಿಂಭಾಗದಲ್ಲಿ ಸೂಜಿ, ಗುಂಡುಪಿನ್ನು ಇಲ್ಲದ ದಿನವೇ ಇಲ್ಲ. ದಪ್ಪ ಸೂಜಿಯೊಂದನ್ನು ಎಳೆದು ಬಾಟಲಿಯ ಮೇಲೆದ್ದ ತಳಕ್ಕೆ ಚುಚ್ಚಿದ. ಸುಸ್ ಎಂದಿತು. ಬಾಟಲಿ ಮೈ ತುಂಬಿಕೊಂಡಿತು. ತೊಟ್ಟು ಬಿತ್ತು, ಆಮೇಲೆ ಧಾರೆಯೇ ಆಯಿತು. ಅವಳು ಕಿಕ್ ಹೊಡೆದಳು. ಶಹಭಾಸ್ ಎನ್ನಲು ಅವಳಿಗೂ ಪುರುಸೊತ್ತಿರಲಿಲ್ಲ, ಕೇಳಿಸಿಕೊಳ್ಳಲು ಅವನಿಗೂ ಬೇಕಿರಲಿಲ್ಲ.

ಅಣೆಕಟ್ಟಿನ ಮನೆಯ ಮುಂದೆ ಅಳಿಯ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಸಿಸ್ಟರಮ್ಮ ಬ್ಯಾಗು ಕಿತ್ತುಕೊಂಡು ಒಳಗೆ ಓಡಿದಳು. ಬಾಗಿಲು ಕಿರ್ರ್ ಎಂದು ಚೀರಿ ಮುಚ್ಚಿತು. ನೀರಿನ ಪಕ್ಕದ ಮನೆ, ತುಕ್ಕು ಹಿಡಿದ ತಿರುಗಣಿ. ಬೇರೆ ದಿನವಾಗಿದ್ದರೆ ಟೈಲರಿನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಬಾಗಿಲ ಹಿಂದೆ ಮಗಳು ನರಳುತ್ತಿದ್ದಳು. ಚಿಕ್ಕವಳಿದ್ದಾಗ ಜ್ವರ ಬಂದರೆ ಹೀಗೇ, ಹಲ್ಲು ಕಚ್ಚಿ ನರಳುವವಳು. ಅಪ್ಪ ಹೆದರುತ್ತಾನೆ ಎಂದು ಜೋರಾಗಿ ಅಳುತ್ತಿರಲಿಲ್ಲ.

ತುಸು ಹೊತ್ತಿನಲ್ಲಿ ಬಾಗಿಲು ಮತ್ತೆ ಚೀರಿತು. ಸಿಸ್ಟರಮ್ಮ ತಲೆ ಮಾತ್ರ ಹೊರಗೆ ಹಾಕಿದಳು.

"ಕೇಳಿ ಇಬ್ರೂ. ಮಗು ಈಗ ಬಂದುಬಿಡುತ್ತೆ. ಸಣ್ಣದು. ಉಸಿರು ಸರಿಯಾಗಿ ತಗೊಳ್ಳದೆ ಹೋದ್ರೆ ನಾನು ಅದನ್ನ ಎದೆಗೆ ಕಟ್ಕೊಂಡು ಸೇತುವೆಗೆ ಇಳೀಬೇಕು, ಆಂಬುಲೆನ್ಸಲ್ಲಿ ಆಕ್ಸಿಜನ್ ಇರುತ್ತೆ. ಅಳಿಯಂದ್ರು ಓಡಿಸ್ಲಿ. ಬಾಟ್ಲಿ ಹಿಡ್ಕೊಂಡು ಮಗು ಹಿಡ್ಕೊಳ್ಳೋಕಾಗಲ್ಲ ನನಗೆ. ಆ ಮುಚ್ಚಳ ತೆಗೀರಿ."

"ಅತ್ತೆ, ಅವಳು..."

"ಅವಳನ್ನ ನಾನು ನೋಡ್ಕೋತೀನಿ. ನೀವು ಮುಚ್ಚಳ ತೆಗೀರಿ ಅಂದೆ."

ಬಾಗಿಲು ಮುಚ್ಚಿತು.

ಟೈಲರ್ ಸಲೈನ್ ಪೈಪು ಮುಟ್ಟಿ ನೋಡಿದ. ಪೆಟ್ರೋಲ್ ಕುಡಿದು ಅದು ಬಿರುಸಾಗಿ, ಗಂಟಿನಲ್ಲಿ ಬಿರುಕು ಬಿಟ್ಟಿತ್ತು. ಅವಳು ಹೇಳದಿದ್ದರೂ ಇನ್ನು ಅದರ ಮೇಲೆ ಬೈಕು ಇಳಿಯುತ್ತಿರಲಿಲ್ಲ. ಅವನು ಮುಚ್ಚಳದ ಮುಂದೆ ಮಂಡಿಯೂರಿದ. ಬೀಗದ ಕಣ್ಣಿನಲ್ಲಿ ಮುರಿದ ಕೈಯ ಅಂಚು ಹೊಳೆಯುತ್ತಿತ್ತು. ಎರಡು ಸೂಜಿಗಳ ನಡುವೆ ಹಿಡಿದು ಎಳೆಯೋಣವೆಂದು ಕಾಲರಿಗೆ ಕೈ ಹಾಕಿದವನು ಹಾಗೇ ತಡೆದ. ಎಳೆದ ಮೇಲೆ ಏನು? ಬೀಗಕ್ಕೆ ಬೇಕಾದ ಹಲ್ಲುಗಳೆಲ್ಲ ಆ ತುಂಡಿನಲ್ಲೇ ಇವೆ. ಅದು ಇದ್ದಲ್ಲೇ ಇರಲಿ. ತಿರುಗಬೇಕಾದದ್ದು ಬೀಗ, ಅದೇಕೆ ತಿರುಗುತ್ತಿಲ್ಲ?

ಅಭ್ಯಾಸಬಲ ನೋಡಿ, ಕೈ ಜೇಬಿಗೆ ಹೋಗಿ ಎಣ್ಣೆ ಡಬ್ಬಿ ತೆಗೆದೇಬಿಟ್ಟಿತು. ಮೂತಿಯನ್ನು ಬೀಗದ ಕಣ್ಣಿಗೆ ಇಟ್ಟಾಗ ಡಬ್ಬಿಯ ತುದಿಗೆ ಏನೋ ಅಂಟಿಕೊಂಡು ಬಂತು. ಬೆರಳಲ್ಲಿ ತಿಕ್ಕಿದ. ಕಪ್ಪಗೆ, ಮಂದವಾಗಿ, ತರಿತರಿಯಾಗಿ ಇತ್ತು. ಅವನಿಗೆ ಅದರ ಗುರುತು ಸಿಗದೆ ಇರುತ್ತದೆಯೇ? ತಿಂಗಳುಗಟ್ಟಲೆ ಒರೆಸದೆ ಬಿಟ್ಟ ಮೆಷಿನ್ನಿನ ಹೊಟ್ಟೆಯಲ್ಲಿ ಇದೇ ಇರುತ್ತದೆ. ಮೆಷಿನ್ನಿಗಾದರೆ ಎಣ್ಣೆ ಬಿಟ್ಟು, ಚಿಂದಿ ಬಟ್ಟೆಯ ಮೇಲೆ ಓಡಿಸಿ, ಹೆಚ್ಚಾದದ್ದನ್ನು ಒರೆಸಿ ತೆಗೆಯುತ್ತಾನೆ. ಬೀಗದ ಕಣ್ಣನ್ನು ಒರೆಸಿದವರು ಯಾರು? ಅವಳು ತುಳಿದ ದಾರಿಗಳ ಧೂಳೆಲ್ಲ ಒಳಗೆ ಹೋಗಿ, ಅವನು ಬಿಟ್ಟ ಎಣ್ಣೆಯಲ್ಲಿ ಕಲಸಿ, ವರ್ಷವರ್ಷವೂ ಗಟ್ಟಿಯಾಗುತ್ತಾ ಬಂದಿತ್ತು. ಬಿಗಿಯಾಯಿತು ಎಂದಾಗಲೆಲ್ಲ ಅವನು ಇನ್ನಷ್ಟು ಬಿಟ್ಟಿದ್ದ.

"ನಾನೇ" ಎಂದ.

"ಏನು ಮಾವ?"

"ನಾನೇ ಕಣಪ್ಪಾ. ಕೈಯಾರೆ." ಒಳಗಿಂದ ಮಗಳ ದನಿ ಒಮ್ಮೆ ಏರಿ ಕತ್ತರಿಸಿದಂತೆ ನಿಂತಿತು. ಅವನು ಎದ್ದು, ಡಬ್ಬಿಯನ್ನು ಬೀಸಿ ಇಳಿಜಾರಿನ ಪೊದೆಗಳಿಗೆ ಎಸೆದ. ಹಾಗೆ ಅವನು ಏನನ್ನಾದರೂ ಎಸೆದದ್ದನ್ನು ಯಾರೂ ಕಂಡಿರಲಿಲ್ಲ. ಅಳಿಯ ಬೆಪ್ಪಾಗಿ ನಿಂತ.

"ನಿಂತ್ಕೋಬೇಡಿ. ಒಂದು ಸಿರಿಂಜು ಬೇಕು, ಬ್ಯಾಗಲ್ಲಿರುತ್ತೆ, ಕಿಟಕಿಯಿಂದ ಇಸ್ಕೊಳ್ಳಿ. ಸೂಜಿ ಸಮೇತ. ಆಮೇಲೆ ಅಣೆಕಟ್ಟಿನ ಜನರೇಟರಿಗೆ ಇಟ್ಟಿರೋ ಪೆಟ್ರೋಲ್ ತನ್ನಿ."

ಷರ್ಟಿಗೆ ಎಣ್ಣೆ ಕಲೆಯಾದಾಗ ಅವನು ಪೆಟ್ರೋಲಿನಲ್ಲೇ ತೆಗೆಯುವುದು. ಎಣ್ಣೆಯ ಜಿಡ್ಡಿಗೆ ಅದೇ ಮದ್ದು. ಸಿರಿಂಜಿನಲ್ಲಿ ಎಳೆದು ಬೀಗದ ಕಣ್ಣಿನ ಅಂಚಿಗೆ ಚುಚ್ಚಿ ಒತ್ತಿದ. ಕರಿ ನೀರು ಹೊರಬಂದು ಟ್ಯಾಂಕಿನ ಮೇಲೆ ಹರಿಯಿತು. ಒರೆಸಿದ. ಮತ್ತೆ ಒತ್ತಿದ. ಮತ್ತೆ ಕರಿ. ತನ್ನ ಪ್ರೀತಿಯೆಲ್ಲ ಹೀಗೆ ರಾಡಿಯಾಗಿ ಇಳಿಯುವುದನ್ನು ನೋಡುತ್ತಲೇ ಅವನು ಒರೆಸುತ್ತಾ ಹೋದ. ಒಳಗೆ ಸಿಸ್ಟರಮ್ಮ "ಇನ್ನೊಂದ್ಸಲ ಪುಟ್ಟೀ, ಇನ್ನೊಂದೇ ಸಲ" ಎನ್ನುತ್ತಿದ್ದಳು. ಹೊರಗೆ ಅವನೂ ಅದನ್ನೇ ಗೊಣಗುತ್ತಾ ಒತ್ತಿದ. ಕರಿ ಕಂದಾಯಿತು. ಕಂದು ತಿಳಿಯಾಯಿತು.

ಜೇಬಿನಿಂದ ನೂಲು ಕತ್ತರಿಸುವ ಪುಟ್ಟ ಕತ್ತರಿ ತೆಗೆದ. ಅದರ ತುದಿಯನ್ನು ಮುರಿದ ತುಂಡಿನ ಬೆನ್ನಿಗೆ ಆನಿಸಿದ.

"ಅಳಿಯಂದ್ರೇ, ಮುಚ್ಚಳ ಅದುಮಿ ಹಿಡೀರಿ. ಎರಡೂ ಕೈಲಿ. ಇನ್ನೂ."

ತಿರುಗಿಸಿದ. ನಿಂತಿತು. ಸ್ವಲ್ಪ ಹಿಂದಕ್ಕೆ ಬಿಟ್ಟು, ಬಿಗಿದ ದಾರದ ಗಂಟು ಬಿಡಿಸುವಾಗ ಮಾಡುವಂತೆ, ಬಲವಿಲ್ಲದೆ ಮುಂದಕ್ಕೆ ನೂಕಿದ. ಒಳಗೆ ಏನೋ ಸರಿಯಿತು. ಕತ್ತರಿ ಕೈಯಲ್ಲೇ ತಿರುಗಿತು, ಮುಚ್ಚಳ ಉಸ್ಸೆಂದು ಮೇಲೆದ್ದಿತು.

ಇಬ್ಬರೂ ಸೇರಿ ಪೆಟ್ರೋಲ್ ತುಂಬಿಸಿದರು. ಚೆಲ್ಲಿದ್ದನ್ನೆಲ್ಲ ಟೈಲರ್ ತನ್ನ ಷರ್ಟು ಬಿಚ್ಚಿ ಒರೆಸಿದ, ಟ್ಯಾಂಕಿನ ಮೇಲೆ ನೀರು ಸುರಿದು ಮತ್ತೆ ಒರೆಸಿದ. ಕಿತ್ತಿದ್ದ ರಬ್ಬರ್ ಪೈಪನ್ನು ಟ್ಯಾಂಕಿನ ಕೆಳಗೆ ಮೊದಲಿನಂತೆ ಸಿಕ್ಕಿಸಿದ. ಅಳಿಯ ಬೈಕನ್ನು ದೂರಕ್ಕೆ ತಳ್ಳಿ, ಹತ್ತಿ, ಕಿಕ್ ಹೊಡೆದ. ಇಂಜಿನ್ ಗಟ್ಟಿಯಾಗಿ ಶುರುವಾಯಿತು. ಬೈಕಿನ ಮೂತಿಯನ್ನು ಸೇತುವೆಯ ದಾರಿಗೆ ತಿರುಗಿಸಿ ಇಬ್ಬರೂ ಬಾಗಿಲ ಕಡೆ ನೋಡಿದರು.

ಬಾಗಿಲು ತೆರೆಯಲಿಲ್ಲ.

ಇಂಜಿನ್ ಗುಡುಗುಡು ಎನ್ನುತ್ತಿತ್ತು. ಅಳಿಯ ನಿಂತುಹೋದೀತೆಂಬ ಭಯಕ್ಕೆ ರೇಸು ಕೊಡುತ್ತಲೇ ಇದ್ದ. ಕಿಟಕಿಯಲ್ಲಿ ಯಾರ ನೆರಳೂ ಇಲ್ಲ. ಮಗು ಬರಲಿಲ್ಲವೇ? ಬಂತೇ? ಬಂದಿದ್ದರೆ ಅವಳೇಕೆ ಎದೆಗೆ ಕಟ್ಟಿಕೊಂಡು ಓಡಿ ಬರುತ್ತಿಲ್ಲ? ಓಡಿ ಬರುವ ಅಗತ್ಯವೇ ಮುಗಿದುಹೋಯಿತೇ? ಟೈಲರ್ ಬರಿ ಬನಿಯನ್ನಿನಲ್ಲಿ, ಕರಿ ರಾಡಿಯ ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡು ನಿಂತಿದ್ದ. ತನ್ನ ಆ ಒಂದು ಹೂಂನಿಂದ ಮಗುವಿಗೆ ಏನಾದರೂ ಆದರೆ ತಾನು ಇನ್ನು ಆ ಮನೆಯಲ್ಲಿ ಯಾರ ಮುಖವನ್ನೂ ನೋಡಲಾರೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಬಾಗಿಲು ಕಿರ್ರೆಂದು ತೆರೆಯಿತು. ಸಿಸ್ಟರಮ್ಮನ ಕೈ ಖಾಲಿಯಾಗಿತ್ತು.

ಅವಳು ಏನೋ ಹೇಳಿದಳು. ಕೇಳಲಿಲ್ಲ. ಕೈಬೀಸಿ ಮತ್ತೆ ಹೇಳಿದಳು. ಬೈಕು ನಿಲ್ಲಿಸಿ ಎನ್ನುತ್ತಿದ್ದಳು. ಅಳಿಯ ಅಲ್ಲಾಡಲಿಲ್ಲ, ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು ಕೂತಿದ್ದ. ಬೈಕು ಬೇಕಾಗಿಲ್ಲ ಎಂದರೆ ಏನರ್ಥ? ಟೈಲರ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಸಿಸ್ಟರಮ್ಮ ದಡದಡನೆ ಇಳಿದು ಬಂದು ತಾನೇ ಕೈ ಚಾಚಿ ಇಂಜಿನ್ ಆರಿಸಿದಳು. "ಕಿವಿ ಇಲ್ವಾ ನಿಮಗಿಬ್ರಿಗೂ?" ಎಂದು ಗದರಿದಳು. "ಆಗಿನಿಂದ ಅಳ್ತಾ ಇದೆ. ಈ ಗಲಾಟೇಲಿ ಎಲ್ಲಿ ಕೇಳ್ಬೇಕು!"

ಇಂಜಿನ್ನಿನ ಸದ್ದು ನಿಂತ ಮೇಲೆ ಕೇಳಿಸಿತು. ಸಣ್ಣ ದನಿ, ಆದರೆ ಎಂಥ ಸಿಟ್ಟು! ತನ್ನನ್ನು ಇಷ್ಟು ಬೇಗ ಯಾರು ಕರೆದರು ಎಂದು ಜಗಳಕ್ಕೆ ನಿಂತ ಹಾಗೆ.

"ಅವಳು?" ಎಂದ ಅಳಿಯ.

"ಚೆನ್ನಾಗಿದಾಳೆ. ಹೆಣ್ಣು ಮಗು. ಸಣ್ಣದು, ಆದ್ರೆ ಉಸಿರು ಚೆನ್ನಾಗಿದೆ. ಆಂಬುಲೆನ್ಸಿನೋರು ಸ್ಟ್ರೆಚರ್ ತಗೊಂಡು ನಡ್ಕೊಂಡೇ ಹತ್ಲಿ, ಅವಸರ ಇಲ್ಲ." ಅಳಿಯ ಬೈಕನ್ನು ಹೇಗೋ ನಿಲ್ಲಿಸಿ ಒಳಗೆ ಓಡಿದ.

ಟೈಲರ್ ನೆಲದ ಮೇಲೆಯೇ ಕೂತು ಅಳುತ್ತಿದ್ದ. ಮರೆಮಾಚಲೂ ಇಲ್ಲ. ಅತ್ತುಕೊಂಡೇ ಹೇಳಿದ: "ನಿನ್ನೆ ಹೂಂ ಅಂದದ್ದು ಸುಳ್ಳು ಕಣೇ. ಹಾಕಿರ್ಲಿಲ್ಲ. ಆ ಬೀಗಕ್ಕೆ ಎಣ್ಣೆ ಬಿಟ್ಟು ಬಿಟ್ಟು ಹಾಳು ಮಾಡಿದೋನೂ ನಾನೇ. ನಿನಗೆ ಗೊತ್ತಿಲ್ದೆ..."

"ಗೊತ್ತ್ರೀ. ಸ್ನಾನದ ಮನೆ ಕಿಟಕಿಯಿಂದ ಅಂಗಳ ಕಾಣುತ್ತೆ. ನಾವು ಆ ಕ್ವಾರ್ಟರ್ಸಿಗೆ ಬಂದಾಗಿನಿಂದ ಕಾಣುತ್ತೆ" ಎಂದಳು ಸಿಸ್ಟರಮ್ಮ. ಅವನು ತಲೆಯೆತ್ತಿದ. "ಬಿಡಲಿ, ಬಿಟ್ರೆ ಅವರಿಗೊಂದು ಸಮಾಧಾನ ಅಂತ ಸುಮ್ಮನಿದ್ದೆ. ಬೀಗ ಕೆಡುತ್ತೆ ಅಂತ ನನಗೇನು ಗೊತ್ತು? ಆದ್ರೆ ಆ ಹೂಂಗೆ ಮಾತ್ರ ನನಗೆ ಸಿಟ್ಟಿದೆ. ತುಂಬ ಸಿಟ್ಟಿದೆ. ಮನೆಗೆ ಹೋದ್ಮೇಲೆ ಕೂರಿಸ್ಕೊಂಡು ಬಯ್ತೀನಿ. ಈಗ ಏಳಿ, ಸೋಪು ಹಾಕಿ ಕೈ ತೊಳೀರಿ. ಆ ಪೆಟ್ರೋಲ್ ಕೈಯಲ್ಲಿ ಮಗು ಮುಟ್ಟಿದ್ರೆ ನೋಡಿ."

ಅವನು ಮೊಣಕೈವರೆಗೆ ತೊಳೆದು, ಅಳಿಯನ ಷರ್ಟು ಹಾಕಿಕೊಂಡು ಒಳಗೆ ಹೋದ. ಮಗಳು ಮಂಚದ ಮೇಲೆ, ಕೂದಲೆಲ್ಲ ಹಣೆಗಂಟಿ, ಸೋತು ನಗುತ್ತಿದ್ದಳು. ಎದೆಯ ಮೇಲಿನ ಬಟ್ಟೆಯ ಗಂಟಿನಲ್ಲಿ ಮುಷ್ಟಿಯಷ್ಟು ಮುಖ. ಅತ್ತು ಅತ್ತು ಆಗಷ್ಟೇ ಕಣ್ಣು ಮುಚ್ಚಿತ್ತು. ಅಳಿಯ ನೀರು ತರಲೆಂದು ಬಾಗಿಲು ತಳ್ಳಿದ. ಕಿರ್ರ್! ಮಗು ಬೆಚ್ಚಿಬಿದ್ದು ಮತ್ತೆ ಬಾಯಿ ತೆರೆಯಿತು.

"ಅಪ್ಪಾ," ಎಂದಳು ಮಗಳು, "ಮೊದ್ಲು ಆ ಬಾಗಿಲಿಗೆ ಒಂಚೂರು ಎಣ್ಣೆ ಬಿಡಿ. ನೀವು ಬಂದಾಗ ಹೇಳ್ಬೇಕು ಅಂತಲೇ ಇದ್ದೆ."

ಅವನ ಕೈ ಜೇಬಿಗೆ ಹೋಯಿತು. ಅದು ಅಳಿಯನ ಷರ್ಟು. ಅವನು ಪೆಚ್ಚಾಗಿ ಹೆಂಡತಿಯ ಮುಖ ನೋಡಿದ.

"ಮಾವ ಅದನ್ನ ಎಸೆದ್ಬಿಟ್ರು" ಎಂದ ಅಳಿಯ. "ಅಲ್ಲಿ, ಪೊದೆ ಕಡೆಗೆ."

"ಎಸೆದ್ರಾ?" ಸಿಸ್ಟರಮ್ಮನ ದನಿ ಒಮ್ಮೆಲೇ ಮೇಲೇರಿತು. ಆ ಡಬ್ಬಿಯನ್ನು ಆಡಿಕೊಳ್ಳುವುದರಲ್ಲಿ ಊರಿಗೆಲ್ಲ ಮುಂದಿದ್ದವಳೇ ಅವಳು. "ಯಾರು ಎಸೀರಿ ಅಂದ್ರು ನಿಮಗೆ? ನಾಳೆಯಿಂದ ನಾನು ಹೊರಟಾಗ ಏನ್ಮಾಡ್ತೀರಿ, ಕಿಟಕೀಲಿ ಕೂತು ಉಗುರು ಕಚ್ತೀರಾ? ಹೋಗಿ ಹುಡುಕಿ. ಬೀಗದ ತಂಟೆಗೆ ಹೋಗ್ಬೇಡಿ, ಅಷ್ಟೇ. ಬಾಗಿಲು, ಸ್ಟ್ಯಾಂಡು, ಬ್ರೇಕು, ಅದೆಲ್ಲ ನಿಮ್ಮದೇ."

ಅವನು ಇಳಿಜಾರಿನಲ್ಲಿ ಇಳಿದ. ಮುಳ್ಳುಪೊದೆಗಳನ್ನು ಒಂದೊಂದಾಗಿ ಸರಿಸುತ್ತಾ ಬಗ್ಗಿ ಹುಡುಕತೊಡಗಿದ. ಮೇಲೆ ಯಾರೋ ಬಾಗಿಲು ತೆರೆದರು, ತಿರುಗಣಿ ಚೀರಿತು, ಅದರ ಹಿಂದೆಯೇ ಮೊಮ್ಮಗಳು ಸಿಟ್ಟಿನಿಂದ ಕೂಗಿಕೊಂಡಳು. ಡಬ್ಬಿ ಎದುರಿಗೇ, ಎರಡು ಕಲ್ಲುಗಳ ನಡುವೆ ಬಿದ್ದಿತ್ತು. ಅವನು ಅದನ್ನು ಕೂಡಲೇ ಎತ್ತಿಕೊಳ್ಳಲಿಲ್ಲ. ಆ ಅಳು ನಿಲ್ಲುವವರೆಗೂ ಅಲ್ಲೇ ನಿಂತು ಕೇಳಿಸಿಕೊಂಡ.